ಎಡಕ್ಕೆ ಸುತ್ತಿದ ಎಳೆ

ಕ್ಷಯದ ಆಸ್ಪತ್ರೆ, ಎರಡನೇ ವಾರ್ಡು, ವರಾಂಡಾ
ಮೇ 4, 1952

ಶ್ರೀ ಕೋಲ್ಮನ್ ಗೆರಾಟಿ ಅವರಿಗೆ,

ಇದು ಸ್ನೇಹದ ಕಾಗದವೆಂದು ತಿಳಿಯಬೇಡಿ. ಕೆಲಸದ ಕಾಗದ.

ಹೆನೆಬ್ರಿಯವರ ಅಂಗಡಿಯ ಹಿಂದಿನ ಕೋಣೆಯಲ್ಲಿ, ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ, ತಂಬಾಕಿನ ತಗಡಿನ ಡಬ್ಬಿಯೊಂದಿದೆ. ಅದರಲ್ಲಿ ಮೀನು ಹಿಡಿಯುವ ಗಾಳಕ್ಕೆ ಗರಿ, ರೇಷ್ಮೆ ಸುತ್ತಿ ಮೂರು ಡಜನ್ ಮರೋ ನೊಣ ಕಟ್ಟಿಟ್ಟಿದ್ದೇನೆ. ಈ ತಿಂಗಳ ಕೊನೆಗೆ ಕೆರೆಯಲ್ಲಿ ನಿಜವಾದ ಮರೋ ಏಳುತ್ತದೆ. ಆಗ ಡಬ್ಲಿನ್ನಿನಿಂದ ಬರುವವರೆಲ್ಲ ನಿಮ್ಮ ದೋಣಿ ಹತ್ತಿ "ಆ ಹುಡುಗಿ ಕಟ್ಟಿದ ನೊಣ ಎಲ್ಲಿ" ಎಂದು ಕೇಳುತ್ತಾರೆ. ಕೊಡಿ. ಹುಡುಗಿ ಎಲ್ಲಿ ಎಂದು ಕೇಳಿದರೆ ನೀವೇ ಉತ್ತರ ಹೇಳಿ. ಹೇಳುವುದರಲ್ಲಿ ನೀವು ನಿಸ್ಸೀಮರು.

ಏಪ್ರಿಲ್ಲಿನ ಆ ಭಾನುವಾರ ದೋಣಿಯಲ್ಲಿ ನಾನು ಕೆಮ್ಮಿದ್ದನ್ನೂ ರಕ್ತದ ಕರವಸ್ತ್ರ ಮಡಚಿ ತೋಳಿನೊಳಗೆ ತುರುಕಿದ್ದನ್ನೂ ನೀವೊಬ್ಬರೇ ನೋಡಿದ್ದು. "ಯಾರಿಗೂ ಹೇಳ್ಬೇಡ ಕೋಲ್ಮನ್" ಎಂದು ಕೈಮುಗಿದೆ. ನೀವು ತಲೆಯಾಡಿಸಿದಿರಿ. ಬುಧವಾರ ಬೆಳಿಗ್ಗೆ ಡಾಕ್ಟರ್ ಹೆಶನ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಗಿರಾಕಿಗಳ ಎದುರಿಗೇ ನನ್ನನ್ನು ಕರೆದರು. ಹದಿನಾಲ್ಕು ವರ್ಷ ಕೂತ ಕುರ್ಚಿಯಿಂದ ಎದ್ದು, ಕೋಟು ಹಾಕಿಕೊಳ್ಳುವಷ್ಟರಲ್ಲಿ ಬೀದಿಯ ಆ ಬದಿಯಲ್ಲಿ ಜನ ಸೇರಿದ್ದರು. ಅದನ್ನು ನೀನು ನೋಡಲಿಲ್ಲ, ಕೆರೆಯ ಮೇಲಿದ್ದೆ. ನೋಡಬೇಕಾಗಿತ್ತು ನೀನು.

ಉತ್ತರ ಬೇಕಿಲ್ಲ.

ಡೆಲಿಯಾ ಟೂಹಿ

*

ಡ್ರಮ್‌ಶೀನ್
ಮೇ 13, 1952

ಡೆಲಿಯಾ,

ಉತ್ತರ ಬೇಕಿಲ್ಲ ಎಂದಿದ್ದೀಯ. ಆದರೆ ನಿನ್ನ ಕಾಗದ 'ನೀವು' ಎಂದು ಶುರುವಾಗಿ 'ನೀನು' ಎಂದು ಮುಗಿದಿದೆ, ಅದೊಂದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಡಾಕ್ಟರಿಗೆ ಹೇಳಿದವನು ನಾನೇ. ಅದಕ್ಕೆ ಕ್ಷಮೆ ಕೇಳುವುದಿಲ್ಲ. ಅವರು ಅಂಗಡಿಗೇ ಬರುತ್ತಾರೆಂದು ಗೊತ್ತಿರಲಿಲ್ಲ, ಅದಕ್ಕೆ ಕೇಳುತ್ತೇನೆ.

ಇನ್ನೊಂದು ಮಾತು ಹೇಳಲೇಬೇಕು, ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದ ಕೇಳು. ನಿನ್ನ ಡ್ರಾಯರ್ ಈಗ ಇಲ್ಲ. ನೀನು ಹೋದ ಶುಕ್ರವಾರ ಹೆನೆಬ್ರಿ ಆ ಕೋಣೆಗೆ ಸುಣ್ಣ ಹೊಡೆಸಿದ. ಮೇಜು, ಕುರ್ಚಿ, ಗರಿಯ ಪೆಟ್ಟಿಗೆ, ಎಲ್ಲವನ್ನೂ ಹಿತ್ತಿಲಿಗೆ ತಂದು ಬೆಂಕಿ ಹಚ್ಚಿದ. ಗರಿ ಸುಟ್ಟ ವಾಸನೆ ದೋಣಿ ನಿಲ್ಲುವ ಜೆಟ್ಟಿಯವರೆಗೂ ಬಂತು. ನಾನು ಓಡಿಹೋಗಿ, "ಏನ್ರೀ ಇದು, ಹದಿನಾಲ್ಕು ವರ್ಷದ ಗರಿ" ಎಂದೆ. "ನನಗೂ ಮಕ್ಳಿದಾರೆ ಕಣಯ್ಯ, ನಿನಗಿಲ್ಲ" ಎಂದ. ಕೆಟ್ಟವನಲ್ಲ, ಪುಕ್ಕಲ. ಆ ಹೊತ್ತಿಗೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಬೆಂಕಿಯ ಅಂಚಿನಿಂದ ನಾನು ಎಳೆದು ತಂದದ್ದು ಇಷ್ಟು: ಹಸಿರು ಬಣ್ಣ ಹಾಕಿದ ಸೀಲ್ ಪ್ರಾಣಿಯ ತುಪ್ಪಳದ ಒಂದು ಪೊಟ್ಟಣ, ಜರಿ ತಂತಿಯ ಉಂಡೆ, ಅರ್ಧ ಕರಗಿದ ಜೇನುಮೇಣ. ಪಾರ್ಸೆಲಿನಲ್ಲಿವೆ. ಜೊತೆಗೆ ನಮ್ಮ ಮನೆಯ ಕೆಂಪು ಹುಂಜದ ಕತ್ತಿನ ಗರಿ ಇಟ್ಟಿದ್ದೇನೆ. ಅದು ಹೇಗೂ ಪಕ್ಕದ ಮನೆಯವರ ಬೈಗುಳ ತಿಂದು ತಿಂದು ಸಾಯಬೇಕಾದದ್ದೇ. ಫೆಸೆಂಟ್ ಹಕ್ಕಿಯ ಗರಿ ಬೇಕಾದಷ್ಟು ತರುತ್ತೇನೆ, ಎಲ್ಲಿಂದ ಎಂದು ಕೇಳಬೇಡ.

ನೀನು ನೊಣ ಕಟ್ಟುವುದಾದರೆ ನಾನು ಗಾಳ ಬೀಸುತ್ತೇನೆ. ಬೇಡವೆಂದರೆ ಗರಿಯನ್ನು ದಿಂಬಿಗೆ ತುಂಬಿಸಿಕೊ.

ನಿನ್ನ ಹೊನೋರಾ ಅತ್ತೆ ಊರಿಗೆಲ್ಲ ನೀನು ಲಿವರ್‌ಪೂಲಿನಲ್ಲಿ ಕೆಲಸಕ್ಕೆ ಸೇರಿದ್ದೀಯ ಎಂದು ಹೇಳುತ್ತಿದ್ದಾರೆ. ಊರೂ ಅದನ್ನು ನಂಬಿದಂತೆ ನಟಿಸುತ್ತಿದೆ.

ಕೋಲ್ಮನ್

*

ಎರಡನೇ ವಾರ್ಡು
ಮೇ 29, 1952

ಕೋಲ್ಮನ್,

ಪಾರ್ಸೆಲ್ ಸಿಕ್ಕಿತು. ಮೊದಲು ಅತ್ತುಬಿಟ್ಟೆ. ಗರಿ ಸುಟ್ಟಿದ್ದಕ್ಕೆ ಎರಡು ದಿನ ಅತ್ತೆ, ನನ್ನ ಶ್ವಾಸಕೋಶಕ್ಕೆ ಅಷ್ಟು ಅತ್ತಿರಲಿಲ್ಲ. ಆಮೇಲೆ ಸಿಸ್ಟರ್ ಅಲ್ಫೋನ್ಸಸ್ ಬಂದು ಪೊಟ್ಟಣ ನೋಡಿದರು.

"ಏನಮ್ಮ ಇದು, ಕೋಳಿ ತಿಪ್ಪೆ?"

"ಗಾಳಕ್ಕೆ ನೊಣ ಕಟ್ಟೋ ಸಾಮಾನು, ಸಿಸ್ಟರ್."

"ಈ ವಾರ್ಡಲ್ಲಿ ಧೂಳಿನ ಸಾಮಾನು ಇಡೋ ಹಾಗಿಲ್ಲ." ಹೊರಟವರು ಬಾಗಿಲಲ್ಲಿ ನಿಂತರು. "ಯಾವ ನೊಣ?"

"ಮರೋ. ಜುಲೈಗೆ ಹಸಿರು ಪೀಟರ್."

ಅವರ ತಂದೆ ಮೇಯೋ ಸೀಮೆಯಲ್ಲಿ ದೋಣಿ ನಡೆಸುತ್ತಿದ್ದರಂತೆ, ಅದು ನನಗೆ ಆಮೇಲೆ ತಿಳಿದದ್ದು. ಈಗ ಕಾನೂನು ಹೀಗಿದೆ: ಸಂಜೆ ಹಾಲು ಕುಡಿದ ಮೇಲೆ ಒಂದು ಗಂಟೆ, ಒದ್ದೆ ಬಟ್ಟೆಯ ಮೇಲೆ ಕಟ್ಟಬೇಕು. ಕಟ್ಟಿದ್ದನ್ನೆಲ್ಲ ಕ್ರಿಮಿ ಕೊಲ್ಲುವ ಫಾರ್ಮಲಿನ್ ಹೊಗೆಯ ಪೆಟ್ಟಿಗೆಯಲ್ಲಿ ಒಂದಿಡೀ ದಿನ ಇಟ್ಟೇ ಹೊರಗೆ ಕಳಿಸಬೇಕು. ಈ ಕಾಗದಕ್ಕೂ ಅದೇ ಗತಿ. ಮೂಸಿ ನೋಡು.

ಇಲ್ಲಿ ನಾವು ಇಪ್ಪತ್ತೆರಡು ಹೆಂಗಸರು, ಮಳೆ ಬರಲಿ ಬಿಸಿಲು ಬರಲಿ ವರಾಂಡಾದಲ್ಲೇ ಸಾಲಾಗಿ ಮಲಗಿರುತ್ತೇವೆ. ಪಕ್ಕದ ಮಂಚ ಅಸಂಪ್ಟಾ ಡಿವೇನ್‌ಳದು. ಟ್ರಲೀ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದವಳು, ಊರಿನ ಎಲ್ಲರ ಗುಟ್ಟೂ ಗೊತ್ತು. ಎರಡು ದಿನ ನನ್ನ ಕೈಯನ್ನೇ ನೋಡಿ, "ಹುಳ ಸತ್ತು ನೊಣ ಆಗೋದು ನೋಡಿದೀನಿ, ಹುಂಜ ಸತ್ತು ನೊಣ ಆಗೋದು ಇದೇ ಮೊದಲು" ಎಂದಳು. ಅವಳಿಗೆ ಮರೋ, ಪೀಟರ್ ಎರಡೂ ಸೇರಿದ ಕ್ಯಾಡಿಸ್ ಜಾತಿಯ ವಿಷಯ ಹೇಳಿದೆ. ಕೆರೆಯ ತಳದಲ್ಲಿ ಹುಳವಾಗಿ, ಮರಳು ಕಡ್ಡಿ ಅಂಟಿಸಿಕೊಂಡು ಕೊಳವೆ ಕಟ್ಟಿಕೊಂಡು ವರ್ಷವಿಡೀ ಅದರೊಳಗೇ ಇರುತ್ತದೆ, ಆಮೇಲೊಂದು ಸಂಜೆ ಮೇಲೆದ್ದು ರೆಕ್ಕೆ ಬಿಚ್ಚಿ ನೀರಿನ ಮೇಲೆ ಓಡುತ್ತದೆ, ಆಗಲೇ ಟ್ರೌಟ್ ಮೀನು ಹುಚ್ಚಾಗುವುದು ಎಂದೆ. "ಓಡೋ ಹೊತ್ತಿಗೆ ತಿಂದ್ಬಿಡುತ್ತಾ! ಹಾಗಾದ್ರೆ ನಾನು ಕೊಳವೇಲೇ ಇರ್ತೀನಪ್ಪ" ಎಂದು ಕಂಬಳಿ ಮುಸುಕು ಹಾಕಿಕೊಂಡಳು.

ಹನ್ನೆರಡು ಮರೋ ಕಳಿಸಿದ್ದೇನೆ. ರೆಕ್ಕೆ ಸ್ವಲ್ಪ ಎತ್ತರವಾಗಿದ್ದರೆ ಬೆರಳಿನಿಂದ ಒತ್ತು. ಟ್ರೌಟ್ ಏನೆಂದಿತು ಎಂದು ಬರೆ.

ನಿನ್ನ ಮೇಲಿನ ಸಿಟ್ಟು ಎಲ್ಲಿತ್ತೋ ಅಲ್ಲೇ ಇದೆ.

ಡೆಲಿಯಾ

*

ಡ್ರಮ್‌ಶೀನ್
ಜೂನ್ 26, 1952

ಡೆಲಿಯಾ,

ತಡವಾಯಿತು. ಹದಿನೇಳು ದಿನ ಪೂರ್ವದ ಗಾಳಿ, ಒಂದೂ ಮೀನು ತಲೆ ಎತ್ತಲಿಲ್ಲ. ಬರೆಯಲು ಏನಾದರೂ ಆಗಲಿ ಎಂದು ಕಾದೆ. ಈಗ ಆಗಿದೆ.

ಹೋದ ಶನಿವಾರ ಗಾಳಿ ತಿರುಗಿತು. ಜೆಟ್ಟಿಯ ಮೇಲೆ ಆರು ದೋಣಿಯವರು, ಎಂಟೋ ಒಂಬತ್ತೋ ಗಿರಾಕಿಗಳು. ನನ್ನ ಪಾಲಿಗೆ ಡಬ್ಲಿನ್ನಿನ ಆ ಹಲ್ಲಿನ ಡಾಕ್ಟರ್. ನಿನ್ನ ನೊಣ ತೆಗೆದು ಅವರ ಅಂಗೈ ಮೇಲಿಟ್ಟೆ. ಕನ್ನಡಕ ಏರಿಸಿ ನೋಡಿದರು. "ಆಹಾ, ಇದು ಅವಳದೇ ಕೈ. ಎಲ್ಲಿದಾಳೆ ಈಗ?"

ನಾನು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ಯಾರೋ, ಯಾರೆಂದು ಹೇಳುವುದಿಲ್ಲ, "ಅದು ಕ್ಷಯದ ಆಸ್ಪತ್ರೆ ನೊಣ ಸ್ವಾಮಿ, ಹುಷಾರು" ಎಂದ. ಡಾಕ್ಟರು ಕೈ ಸುಟ್ಟವರಂತೆ ಅದನ್ನು ಕೆಳಗೆ ಹಾಕಿದರು. ಓದಿದವರು, ನೋಡು. ಹಲ್ಲಿನ ಮಟ್ಟಿಗೆ ಓದಿದ್ದಾರೆ ಅಷ್ಟೆ.

ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ. ನಾನು ಬಗ್ಗಿ ನೊಣ ಎತ್ತಿಕೊಂಡೆ, ನನ್ನ ದಾರಕ್ಕೆ ಕಟ್ಟಿದೆ, ಗಂಟು ಬಿಗಿಯಲು ಬಾಯಲ್ಲಿಟ್ಟು ಒದ್ದೆ ಮಾಡಿದೆ. ಎಲ್ಲರೂ ಹಾಗೆಯೇ ಮಾಡುವುದು ತಾನೆ. ನಾನು ಮಾತ್ರ ಆವತ್ತು ಸ್ವಲ್ಪ ಹೆಚ್ಚು ಹೊತ್ತೇ ಇಟ್ಟುಕೊಂಡೆ. ತುಟಿಯ ನಡುವೆ ನೊಣ ಕಚ್ಚಿಕೊಂಡೇ ಹುಟ್ಟು ಹಾಕಿ ಜೆಟ್ಟಿ ದಾಟಿದೆ. ಫಾರ್ಮಲಿನ್ ಬಲು ಕಹಿ, ಡೆಲಿಯಾ. ಸಂಜೆಯವರೆಗೂ ನಾಲಿಗೆ ಮರಗಟ್ಟಿತ್ತು.

ಟ್ರೌಟಿಗೆ ಆ ತಕರಾರಿಲ್ಲ. ದ್ವೀಪದ ಹಿಂದೆ ಏಳು ಗಂಟೆಗೆ ಮರೋ ಎದ್ದವು, ಬೆರಳುದ್ದದ ಕಂದು ನೊಣಗಳು, ಜೊಂಡಿನಿಂದ ತೂರಾಡುತ್ತಾ ಬಂದವು. ಮೂರನೇ ಬೀಸಿಗೆ ನಾಲ್ಕು ಪೌಂಡಿನದು. ಆಮೇಲೆ ಅದಕ್ಕಿಂತ ಸ್ವಲ್ಪ ಚಿಕ್ಕದು. ಡಾಕ್ಟರು ಅಂಗಡಿಯ ನೊಣ ಬೀಸಿ ಬೀಸಿ ಸುಸ್ತಾದರು. ಕೊನೆಗೆ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಆ ಇನ್ನೊಂದು ಇದೆಯಲ್ಲ, ಕೊಡು" ಎಂದರು. "ಯಾವ್ದು ಸ್ವಾಮಿ?" ಎಂದೆ. "ಅದೇ ಮಾರಾಯಾ, ಕೊಡು." "ಕೆಮ್ತಿದೀರಲ್ಲ ಸ್ವಾಮಿ, ಕೊಡಬಹುದೋ ಬೇಡವೋ" ಎಂದೆ. ಕೊಟ್ಟೆ, ಆದರೆ ಒಂದು ಸುತ್ತು ದ್ವೀಪ ಬಳಸಿ ಬಂದ ಮೇಲೆ.

ಹೆನೆಬ್ರಿ ಈಗಲೂ ನಿನ್ನ ನೊಣ ಅಂಗಡಿಯಲ್ಲಿಡುವುದಿಲ್ಲ. ಆದರೆ ಕತ್ತಲಾಗುವ ಮುಂಚೆ ನಮ್ಮ ಗೇಟಿನ ಹತ್ತಿರ ಒಬ್ಬೊಬ್ಬರೇ ಬಂದು ನಿಂತು ಹವಾಮಾನದ ಮಾತು ಎತ್ತುತ್ತಾರೆ. ಏನು ಬೇಕೆಂದು ನನಗೆ ಗೊತ್ತು.

ಇನ್ನಷ್ಟು ಕಳಿಸು. ಪೀಟರ್ ಬರುವ ಕಾಲ ಹತ್ತಿರವಾಯಿತು.

ಕೋಲ್ಮನ್

*

ಎರಡನೇ ವಾರ್ಡು
ಜುಲೈ 9, 1952

ಕೋಲ್ಮನ್,

ನಿನ್ನ ಕಾಗದವನ್ನು ಅಸಂಪ್ಟಾ ಇಡೀ ವರಾಂಡಾಕ್ಕೆ ಓದಿ ಹೇಳಿದಳು. ಹಲ್ಲಿನ ಡಾಕ್ಟರ ಭಾಗವನ್ನು ಮೂರು ಸಲ ಓದಿಸಿದರು. ನಗುವುದು ಇಲ್ಲಿ ನಿಷಿದ್ಧ, ನಕ್ಕರೆ ಕೆಮ್ಮು ಬರುತ್ತದೆ. ಆದರೂ ನಕ್ಕರು.

ನೀನು ಅದನ್ನು ಬಾಯಲ್ಲಿಟ್ಟುಕೊಳ್ಳಬಾರದಿತ್ತು. ಫಾರ್ಮಲಿನ್ ವಿಷ. ಇನ್ನು ಮುಂದೆ ಕೆರೆಯ ನೀರಿನಲ್ಲಿ ಅದ್ದಿ ಗಂಟು ಹಾಕು.

ಎರಡು ಡಜನ್ ಪೀಟರ್ ಕಳಿಸುತ್ತಿದ್ದೇನೆ, ಇದ್ದದ್ದೆಲ್ಲ. ಮೈಯ ಹಸಿರು ಒಣಗಿದಾಗ ಹೆಚ್ಚು ಎನಿಸುತ್ತದೆ, ಒದ್ದೆಯಾದರೆ ಸರಿಹೋಗುತ್ತದೆ. ನೀರಿನ ಮೇಲೆ ಸುಮ್ಮನೆ ಬಿಡಬೇಡ, ಎಳೆ. ನಿಜವಾದದ್ದು ಓಡುತ್ತದಲ್ಲ, ಹಾಗೆ ಗೆರೆ ಬಿಡುತ್ತಾ ಓಡಬೇಕು. ಇದೆಲ್ಲ ನಿನಗೆ ಗೊತ್ತು. ಬರೆಯಬೇಕೆನಿಸಿತು, ಬರೆದೆ.

ಮುಂದಿನ ವಾರ ನನ್ನನ್ನು ಇನ್ನೊಂದು ಕಟ್ಟಡಕ್ಕೆ ಸಾಗಿಸುತ್ತಾರಂತೆ. ಕೆಲವು ವಾರ ಕಾಗದ ಬರದಿದ್ದರೆ ಅಂಚೆಯವರನ್ನು ಬೈಯಬೇಡ. ಅಲ್ಲಿ ಗಾಳಿ ಚೆನ್ನಾಗಿದೆಯಂತೆ, ಕಿಟಕಿಯಿಂದ ಬೆಟ್ಟ ಕಾಣುತ್ತದಂತೆ.

ಕೆಂಪು ಹುಂಜದ ಗರಿ ಅಪ್ಪಟವಾಗಿತ್ತು. ಹೇಳಿರಲಿಲ್ಲ.

ಡೆಲಿಯಾ

*

ಐದನೇ ವಾರ್ಡು
ಆಗಸ್ಟ್ 24, 1952

ಪ್ರಿಯ ಗೆರಾಟಿಯವರೇ,

ಅಕ್ಷರ ಬೇರೆ ಎಂದು ಗಾಬರಿಯಾಗಬೇಡಿ. ನಾನು ಅಸಂಪ್ಟಾ, ಪಕ್ಕದ ಮಂಚದವಳು, ನನ್ನನ್ನೂ ಅವಳ ಹಿಂದೆಯೇ ಈ ವಾರ್ಡಿಗೆ ಸಾಗಿಸಿದ್ದಾರೆ. ಡೆಲಿಯಾಗೆ ಬರೆಯಲು ತೋಳು ನೋವು, ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಎಕ್ಸ್‌ಚೇಂಜಿನಲ್ಲಿ ಇದೇ ತಾನೆ ನನ್ನ ಕೆಲಸ, ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವುದು.

ಅವಳು ಆರಾಮವಾಗಿದ್ದಾಳಂತೆ. ಊಟ ಸೇರುತ್ತಿದೆಯಂತೆ. ನಿಮ್ಮ ಎರಡು ಕಾಗದಗಳೂ ತಲುಪಿದವು. ದೋಣಿಯ ತಳ ಸೋರುತ್ತಿರುವುದಕ್ಕೆ ಡಾಂಬರು ಹಚ್ಚಿ, ಚಿಂದಿ ತುರುಕಬೇಡಿ ಎನ್ನುತ್ತಾಳೆ. ಆರು ಪೀಟರ್ ಇಟ್ಟಿದ್ದೇವೆ. ಮೊದಲಿನಷ್ಟು ಅಂದವಾಗಿಲ್ಲ ಎಂದು ಹೇಳಬೇಕಂತೆ. ಮತ್ತೇನೂ ಹೇಳಬಾರದಂತೆ.

ಇತಿ, ಅವಳ ಪರವಾಗಿ
ಅಸಂಪ್ಟಾ ಡಿವೇನ್

*

ಡ್ರಮ್‌ಶೀನ್
ಸೆಪ್ಟೆಂಬರ್ 3, 1952

ಶ್ರೀಮತಿ ಅಥವಾ ಕುಮಾರಿ ಡಿವೇನ್ ಅವರಿಗೆ,

ಈ ಕಾಗದ ನಿಮಗೆ ಮಾತ್ರ. ವರಾಂಡಾದಲ್ಲಿ ಓದಬೇಡಿ.

ನೀವು ಕಳಿಸಿದ ಆರು ನೊಣಗಳಲ್ಲಿ ಒಂದನ್ನು ಸೋಮವಾರ ಸಂಜೆ ಬೀಸಿದೆ. ಎರಡು ಟ್ರೌಟ್ ಕೊಟ್ಟಿತು. ಎರಡನೆಯದರ ಹಲ್ಲಿಗೆ ಸಿಕ್ಕಿ ಮೈ ಬಿಚ್ಚಿಕೊಂಡಿತು. ಬಿಚ್ಚಿದ ರೇಷ್ಮೆಯ ತುದಿ ಹಿಡಿದು ಮತ್ತೆ ಸುತ್ತಿ ಬಿಗಿಯೋಣವೆಂದು ನೋಡಿದರೆ, ಎಳೆ ಬಿಗಿಯಲಿಲ್ಲ, ಇನ್ನಷ್ಟು ಬಿಚ್ಚಿಕೊಂಡಿತು. ಹದಿನಾಲ್ಕು ವರ್ಷದಿಂದ ಡೆಲಿಯಾ ಕಟ್ಟಿದ ನೊಣ ರಿಪೇರಿ ಮಾಡಿದ್ದೇನೆ. ಅವಳು ಬಲಗೈಯಿಂದ ಸುತ್ತುತ್ತಾಳೆ, ಎಳೆ ಯಾವಾಗಲೂ ಒಂದೇ ಕಡೆ ತಿರುಗುತ್ತದೆ. ಇದು ತಿರುವುಮುರುವಾಗಿ ಸುತ್ತಿದೆ. ಉಳಿದ ಐದನ್ನೂ ಬೆಳಕಿಗೆ ಹಿಡಿದು ನೋಡಿದೆ. ಜರಿ ತಂತಿ ಐದರಲ್ಲೂ ಎಡಕ್ಕೇ ಓರೆ. ಇವನ್ನು ಕಟ್ಟಿದವರು ಎಡಗೈಯವರು.

ಅಮ್ಮಾ, ನೀವು ಎಡಗೈಯವರೇ?

ಅಕ್ಷರ ನಿಮ್ಮದು, ನೊಣವೂ ನಿಮ್ಮದಾದರೆ, ಡೆಲಿಯಾಳದ್ದು ಎಂದು ಈ ಲಕೋಟೆಯಲ್ಲಿ ಏನಿತ್ತು? ನೀವು ಒಳ್ಳೆಯ ಮನಸ್ಸಿನವರೆಂದು ಕಾಗದದಲ್ಲೇ ಗೊತ್ತಾಗುತ್ತದೆ. ಒಳ್ಳೆಯ ಮನಸ್ಸಿನವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆಂದೂ ಗೊತ್ತು. ದೂರದಲ್ಲಿರುವವನಿಗೆ ಸ್ವಲ್ಪ ದಿನ ತಿಳಿಯದಿರಲಿ ಎನ್ನುತ್ತಾರೆ.

ನಿನ್ನೆ ಅವಳ ಅತ್ತೆಯ ಮನೆಗೆ ಹೋದೆ. ಬಾಗಿಲನ್ನು ಒಂದು ಗೇಣು ತೆರೆದರು. "ಡೆಲಿಯಾ ಹೇಗಿದಾಳೆ, ನಿಜ ಹೇಳಿ" ಎಂದೆ. "ಲಿವರ್‌ಪೂಲಲ್ಲಿ ಚೆನ್ನಾಗಿದಾಳೆ" ಎಂದರು. ಅವರ ಕಣ್ಣು ಕೆಂಪಾಗಿತ್ತು. ಬಾಗಿಲು ಹಾಕಿಕೊಂಡರು. ಆ ಕೆಂಪಿಗೆ ನಾನು ಏನು ಅರ್ಥ ಹಚ್ಚಲಿ?

ನನಗೊಬ್ಬ ತಂಗಿಯಿದ್ದಳು, ನೋರೀನ್. ಹದಿನೇಳು ವರ್ಷ. ದನದ ಕೊಟ್ಟಿಗೆಯಲ್ಲಿ ಕೆಮ್ಮಿದಳು, ಹುಲ್ಲಿನ ಮೇಲೆ ರಕ್ತ ಬಿತ್ತು. "ಅಣ್ಣ, ಅಪ್ಪನಿಗೆ ಹೇಳ್ಬೇಡ, ನನ್ನ ಕಳಿಸಿಬಿಡ್ತಾರೆ" ಎಂದಳು. ನಾನು ಮಾತು ಕೊಟ್ಟೆ. ಕಾಲಿನಿಂದ ಹುಲ್ಲು ಸರಿಸಿ ಮುಚ್ಚಿದೆ. ಕೊಟ್ಟ ಮಾತು ಉಳಿಸಿಕೊಂಡೆ, ಏಳು ತಿಂಗಳು. ಅವಳು ಉಳಿಯಲಿಲ್ಲ. ಇದನ್ನು ಡೆಲಿಯಾಗೆ ಯಾವತ್ತೂ ಹೇಳಿಲ್ಲ. ಹೇಳಿದ್ದರೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ, ಅಯ್ಯೋ ಪಾಪ ಎನ್ನುತ್ತಿದ್ದಳು. ಅವಳ ಸಿಟ್ಟೇ ನನಗೆ ಬೇಕಾಗಿತ್ತು. ಸಿಟ್ಟು ಮಾಡುವವರು ಬದುಕಿರುತ್ತಾರೆ.

ನಿಮ್ಮ ಉತ್ತರಕ್ಕೆ ಕಾಯಲು ನನ್ನಿಂದಾಗದು. ಫೋನ್ ಮಾಡಿದರೆ ಪೋಸ್ಟ್ ಆಫೀಸಿನಾಕೆ ಕೇಳಿಸಿಕೊಂಡು ಊರಿಗೆಲ್ಲ ಸಾರುತ್ತಾಳೆ. ಶನಿವಾರದ ಬಸ್ಸಿಗೆ ಹೊರಡುತ್ತೇನೆ. ಬಹುಶಃ ಈ ಕಾಗದಕ್ಕಿಂತ ಮುಂಚೆ ನಾನೇ ಬಂದಿರುತ್ತೇನೆ.

ಕೋಲ್ಮನ್ ಗೆರಾಟಿ

*

ಐದನೇ ವಾರ್ಡು
ಸೆಪ್ಟೆಂಬರ್ 11, 1952

ಕೋಲ್ಮನ್,

ಕಾಗೆ ಕಾಲು ಗುಬ್ಬಿ ಕಾಲು ಎಂದು ನಗಬೇಡ. ಇದು ನನ್ನ ಎಡಗೈ ಬರಹ. ಈ ಒಂದು ಪುಟಕ್ಕೆ ಎರಡು ದಿನ ಹಿಡಿಯಿತು.

ಶನಿವಾರ ಸಂಜೆ ನೀನು ಮಾಡಿದ್ದನ್ನು ಈ ಆಸ್ಪತ್ರೆ ಇನ್ನು ಹತ್ತು ವರ್ಷ ಮರೆಯುವುದಿಲ್ಲ. ಭೇಟಿಯ ಹೊತ್ತು ಮುಗಿದಿತ್ತು, ಬಾಗಿಲಲ್ಲಿ ಕೇಳಿದರೆ ಸಿಸ್ಟರ್ ಹೆಸರು ಹುಡುಕಿ ಹೇಳುತ್ತಿದ್ದರು. ಅದು ಬಿಟ್ಟು ಹುಲ್ಲುಹಾಸಿನ ನಡುವೆ ನಿಂತು, ಟೋಪಿ ಕೈಯಲ್ಲಿ ಹಿಂಡಿಕೊಂಡು, ಎತ್ತು ಕಳೆದುಕೊಂಡವನ ಹಾಗೆ "ಡೆಲಿಯಾ! ಡೆಲಿಯಾ!" ಎಂದು ಕೂಗಿದೆ. ಅದೂ ಕರಿ ಕೋಟು ಹಾಕಿಕೊಂಡು. ಇಡೀ ವರಾಂಡಾ ಎದ್ದು ಕೂತಿತು.

"ಯಾಕೋ ಹಾಗೆ ಬೊಬ್ಬೆ ಹೊಡೀತೀಯ? ಇಲ್ಲಿ ಜನಕ್ಕೆ ಹುಷಾರಿಲ್ಲ!" ಎಂದು ನಾನು ಕೂಗಿದೆ. ಅಷ್ಟು ಜೋರಾಗಿ ಕೂಗುವ ಶಕ್ತಿ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಆಪರೇಷನ್ ಮಾಡಿದ ಡಾಕ್ಟರಿಗೂ ಗೊತ್ತಿರಲಿಲ್ಲವಂತೆ, ಮಾರನೆಯ ದಿನ ಬಂದು ಎದೆ ಪರೀಕ್ಷಿಸಿದರು.

ನನ್ನ ದನಿ ಕೇಳಿ ನೀನು ಆ ಒದ್ದೆ ಹುಲ್ಲಿನ ಮೇಲೆ ಹಾಗೇ ಕುಸಿದು ಕೂತೆ. ಎಷ್ಟೋ ಹೊತ್ತು ಎದ್ದೇಳಲಿಲ್ಲ. ಅಸಂಪ್ಟಾ "ಅಯ್ಯೋ, ಇವರಿಗೂ ಒಂದು ಮಂಚ ಹಾಕಿ ಸಿಸ್ಟರ್" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಿನ್ನ ಹೆಗಲು ಅಲ್ಲಾಡುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಆವತ್ತು ಸಿಸ್ಟರ್ ಕೊಟ್ಟ ಹತ್ತು ನಿಮಿಷದಲ್ಲಿ ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಬಲಗಡೆಯ ಏಳು ಪಕ್ಕೆಲುಬು ತೆಗೆದಿದ್ದಾರೆ, ಎರಡು ಸಲ ಕೊಯ್ದು. ಒಳಗಿನ ಹುಣ್ಣು ಮುಚ್ಚಿಕೊಳ್ಳಲು ಅದೊಂದೇ ದಾರಿಯಂತೆ. ಬಲತೋಳು ಇನ್ನೂ ಏಳುವುದಿಲ್ಲ. ಬೆರಳು ಗಾಳ ಹಿಡಿಯುತ್ತದೆ, ಅಷ್ಟೆ. ಅದಕ್ಕೇ ಬಲಗೈಯನ್ನು ದಿಂಬಿನ ಮೇಲೆ ಇಟ್ಟು ಗಾಳ ಹಿಡಿಸಿ, ಎಡಗೈಯಲ್ಲಿ ಸುತ್ತುವುದು ಕಲಿತೆ. ಮೊದಲ ಮೂವತ್ತು ನೊಣ ಕಸದ ಬುಟ್ಟಿಗೆ ಹೋದವು. ಮೂವತ್ತೊಂದನೆಯದರಿಂದ ನಿನಗೆ ಕಳಿಸಿದ್ದು. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ನಿನ್ನ ಕಣ್ಣಿನ ಮೇಲೆ ನನಗೆ ಅಷ್ಟು ಭರವಸೆ ಇರಲಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ನಿನಗೆ ಕನಿಕರ ಹುಟ್ಟುತ್ತದೆ ಎಂದು ಹೇಳಲಿಲ್ಲ. ಸೋಮವಾರ ನಿನ್ನ ಕಾಗದ ಬಂತು. ಅಸಂಪ್ಟಾ ಓದಿದಳು, ನನ್ನ ಮಡಿಲಲ್ಲಿಟ್ಟಳು, ಗೋಡೆಯ ಕಡೆ ತಿರುಗಿ ಮಲಗಿದಳು.

ಕೋಲ್ಮನ್, ನೋರೀನ್ ವಿಷಯ ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಹೇಳಲಿಲ್ಲವಲ್ಲೋ. ಕಾಗದ ಓದಿ ನನ್ನ ಸಿಟ್ಟನ್ನು ಹುಡುಕಿದೆ. ಸಿಗಲಿಲ್ಲ. ಬೇಕೆಂದರೆ ಬೇರೆ ಹೊಸದೊಂದು ಹುಟ್ಟಿಸಿಕೊಳ್ಳುತ್ತೇನೆ, ಚಿಂತೆ ಮಾಡಬೇಡ.

ಡೆಲಿಯಾ

*

ಡ್ರಮ್‌ಶೀನ್
ಅಕ್ಟೋಬರ್ 5, 1952

ಡೆಲಿಯಾ,

ಸೀಸನ್ ಮುಗಿಯಿತು. ದೋಣಿ ಮಗುಚಿ ಹಾಕಿದ್ದೇನೆ.

ಕರಿ ಕೋಟು ಸಾವಿನ ಮನೆಗೆಂದು ಹೆನೆಬ್ರಿಯಿಂದ ಎರವಲು ತಂದದ್ದು. ನಿನ್ನ ಬಗ್ಗೆ ನನಗಿದ್ದ ಭಯ ಅವನಿಗೆ ಹೇಳಿದ್ದೆ. ವಾಪಸ್ ಕೊಡಲು ಹೋದಾಗ, "ಯಾವಾಗ ಮಣ್ಣು?" ಎಂದು ಕೇಳಿದ. "ಮಣ್ಣೂ ಇಲ್ಲ, ಮಸಿಯೂ ಇಲ್ಲ, ನನ್ನ ಮೇಲೆ ಕಿರುಚಿದಳು" ಎಂದೆ. ಅವನು ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ಗರಿ ಸುಟ್ಟದ್ದು ಅವನ ಎದೆಯಲ್ಲಿ ಇನ್ನೂ ಆರಿಲ್ಲ ಎಂದು ಕಾಣುತ್ತದೆ.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಎಂಥ ನಿದ್ದೆ ಬಂತೆಂದರೆ, ನಮ್ಮೂರು ದಾಟಿ ಹದಿನೆಂಟು ಮೈಲಿ ಮುಂದೆ ಹೋಗಿ ಎಚ್ಚರವಾಯಿತು. ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಿದ್ದೆನಂತೆ, ಹಾಲಿನ ಗಾಡಿಯವನು ಹೇಳಿದ.

ಹೋದ ಗುರುವಾರ ನಿನ್ನ ಅತ್ತೆ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಕಂಕುಳಲ್ಲಿ ಕಾಗದ ಸುತ್ತಿದ ಗಂಟು. "ಲಿವರ್‌ಪೂಲಲ್ಲಿ ಚಳಿ ಜಾಸ್ತಿ ಅಂತಾರಲ್ಲಪ್ಪ?" ಎಂದರು. "ಜಾಸ್ತೀನೇ ಅಮ್ಮ. ಹೊರಗೇ ಮಲಗಿಸ್ತಾರೆ" ಎಂದೆ. ಅವರು ಗಂಟನ್ನು ಇನ್ನಷ್ಟು ಅವುಚಿಕೊಂಡರು. "ಎಷ್ಟು ಪಕ್ಕೆಲುಬು ತೆಗೆದ್ರಂತೆ?" "ಏಳು." "ಏಳು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಗಂಟು ನನ್ನ ಕೈಗಿತ್ತು ಹೋದರು. ಉಣ್ಣೆಯ ಕುಪ್ಪಸ, ಅವರೇ ಹೆಣೆದದ್ದು. ಬಲತೋಳಿನ ಕಡೆ ಗುಂಡಿ ಇಟ್ಟಿದ್ದಾರೆ, ತೋಳು ಎತ್ತದೆಯೇ ಹಾಕಿಕೊಳ್ಳಬಹುದು. ಅಂಚೆಯಲ್ಲಿ ಕಳಿಸಿದ್ದೇನೆ.

ಕೋಲ್ಮನ್

*

ಐದನೇ ವಾರ್ಡು
ಮಾರ್ಚ್ 17, 1953

ಕೋಲ್ಮನ್,

ಕಫ ಪರೀಕ್ಷೆ ಮೂರನೇ ಸಲವೂ ಶುದ್ಧ ಬಂತು. ಮೂರು ಸಲ ಹಾಗೆ ಬಂದರೆ ಮನೆಗೆ ಬಿಡುವುದು ಇಲ್ಲಿಯ ಕ್ರಮ. ಸಿಸ್ಟರ್ ಅಲ್ಫೋನ್ಸಸ್ ಚೀಟಿ ಹಿಡಿದು ವಾರ್ಡಿನ ಆ ತುದಿಯಿಂದ ಓಡುತ್ತಾ ಬಂದರು. ಓಡುವುದು ಇಲ್ಲಿ ನಗುವುದಕ್ಕಿಂತ ದೊಡ್ಡ ಅಪರಾಧ.

ಜೂನ್ ಕೊನೆಗೆ ಬಿಡುತ್ತಾರೆ. ಬಲತೋಳು ಹೆಗಲಿನವರೆಗೆ ಏಳುತ್ತದೆ, ಜಡೆ ಹಾಕಿಕೊಳ್ಳಲು ಆಗುವುದಿಲ್ಲ. ಕತ್ತರಿಸಿಬಿಟ್ಟೆ. ನೋಡಿ ಗಾಬರಿಯಾಗಬೇಡ ಎಂದು ಮೊದಲೇ ಹೇಳುತ್ತಿದ್ದೇನೆ.

ಹೆನೆಬ್ರಿ ಕಾಗದ ಬರೆದಿದ್ದಾರೆ. ಹೊಸ ಮೇಜು ಮಾಡಿಸಿದ್ದಾರಂತೆ, ಹಿಂದಿನ ಕೋಣೆ ಖಾಲಿಯಿದೆಯಂತೆ, "ಆದದ್ದನ್ನು ಮರೆತು" ಬರಬೇಕಂತೆ. ಮರೆಯಲು ಆಗುವುದಿಲ್ಲ, ಆದರೆ ಕ್ಷಮಿಸಿದ್ದೇನೆ ಎಂದು ಬರೆದೆ. ಹಿಂದಿನ ಕೋಣೆಗೆ ಮಾತ್ರ ಹೋಗುವುದಿಲ್ಲ. ಅತ್ತೆಯ ಮನೆಯ ಮುಂದಿನ ಕಿಟಕಿಯಲ್ಲಿ, ಬೀದಿಗೆ ಮುಖ ಮಾಡಿ ಕೂತು ಕಟ್ಟುತ್ತೇನೆ. ನೋಡುವವರು ನೋಡಲಿ. ಅತ್ತೆಗೆ ಇದನ್ನು ಬರೆದು, ಒಪ್ಪುತ್ತಾರೋ ಇಲ್ಲವೋ ಎಂದು ಹದಿನೈದು ದಿನ ಉಗುರು ಕಚ್ಚುತ್ತಿದ್ದೆ. ಒಂದೇ ಸಾಲಿನ ಉತ್ತರ ಬಂತು: "ಕಿಟಕಿಯ ಪರದೆ ಬಿಚ್ಚಿ ಒಗೆದಿದ್ದೇನೆ, ಮತ್ತೆ ಹಾಕುವುದಿಲ್ಲ."

ಅಸಂಪ್ಟಾಗೆ ಈಗ ಹೊಸ ಸೂಜಿಮದ್ದು ಕೊಡುತ್ತಿದ್ದಾರೆ. ಕಿವಿಯಲ್ಲಿ ಗುಂಯ್ ಎನ್ನುತ್ತದಂತೆ. "ಲೈನ್ ಎಂಗೇಜ್" ಎನ್ನುತ್ತಾಳೆ.

ಡೆಲಿಯಾ

*

ಡ್ರಮ್‌ಶೀನ್
ಆಗಸ್ಟ್ 2, 1953

ನನ್ನ ಅಸಂಪ್ಟಾ,

ನಿನ್ನೆ ಸಂಜೆ ಮೊದಲ ಬಾರಿ ದೋಣಿ ಹತ್ತಿದೆ. ನಿನಗೆ ಹೇಳದೆ ಯಾರಿಗೆ ಹೇಳಲಿ.

ಊರಿಗೆ ಬಂದು ಐದು ವಾರವಾದರೂ ಕೋಲ್ಮನ್ ನನ್ನನ್ನು ಕೆರೆಯ ಹತ್ತಿರ ಬಿಟ್ಟಿರಲಿಲ್ಲ. ಗಾಳಿ, ತೇವ, ಎಂದು ಏನಾದರೊಂದು ನೆಪ. ನಿನ್ನೆ ಗಾಳಿಯೇ ಇರಲಿಲ್ಲ, ನೆಪ ಸಿಗಲಿಲ್ಲ. ಹೊರಡುವಾಗ ಅತ್ತೆ ಮೂರು ಕಂಬಳಿ, ಒಂದು ಫ್ಲಾಸ್ಕು ಚಹಾ, ಸೋಡಾ ಬ್ರೆಡ್ಡು, ಒಂದು ಬಾಟಲಿ ತೀರ್ಥ ಕೊಟ್ಟು ಕಳಿಸಿದರು. ಅಮೆರಿಕಕ್ಕೆ ಹೊರಟವರ ಹಾಗಿತ್ತು. ಜೆಟ್ಟಿಯ ಮೇಲೆ ಜನರಿದ್ದರು. ಯಾರೂ ಹಿಂದೆ ಸರಿಯಲಿಲ್ಲ. ಒಬ್ಬ ದೋಣಿಯವನಂತೂ ಮುಂದೆ ಬಂದು ಕೈ ಹಿಡಿದು ಹತ್ತಿಸಿದ, ಕಿವಿಯವರೆಗೂ ಕೆಂಪಾಗಿದ್ದ. ಕೋಲ್ಮನ್ ಅವನತ್ತ ನೋಡಿ ತಲೆಯಾಡಿಸಿದ. ಆವತ್ತು 'ಆಸ್ಪತ್ರೆ ನೊಣ' ಎಂದವನು ಇವನೇನಾ ಎಂದು ನಾನು ಕೇಳಲಿಲ್ಲ.

ದ್ವೀಪದ ಹಿಂದೆ ಹೋಗಿ ಹುಟ್ಟು ಎತ್ತಿಟ್ಟು ಕಾದೆವು. ನೀರು ಕನ್ನಡಿಯಂತಿತ್ತು. ನಾನು ನನ್ನದೇ ಪೀಟರ್ ಕಟ್ಟಿಕೊಂಡು ಗಾಳದ ಕೋಲು ಮೊಣಕಾಲ ಮೇಲಿಟ್ಟುಕೊಂಡಿದ್ದೆ, ಎಡಗೈಯಲ್ಲಿ ಬೀಸುವುದನ್ನು ಅತ್ತೆಯ ಹಿತ್ತಿಲಿನಲ್ಲಿ ಅಭ್ಯಾಸ ಮಾಡಿದ್ದೆ. ಕಂಬಳಿ ಬೆಚ್ಚಗಿತ್ತು. ದೋಣಿ ಮೆಲ್ಲಗೆ ತೂಗುತ್ತಿತ್ತು. ಅಸಂಪ್ಟಾ, ನಾನು ನಿದ್ದೆ ಹೋದೆ.

ಎಚ್ಚರವಾದಾಗ ಪಶ್ಚಿಮದಲ್ಲಿ ಇನ್ನೂ ಬೆಳಕಿತ್ತು, ಆದರೆ ನೀರು ಸುಮ್ಮನಾಗಿತ್ತು. ಕಂಬಳಿಯ ಮೇಲೆ, ನನ್ನ ತೋಳಿನ ಮೇಲೆ, ದೋಣಿಯ ಅಂಚಿನ ಮೇಲೆ ಎಲ್ಲ ಕಡೆ ಪೀಟರ್ ಕೂತಿದ್ದವು, ನಿಜವಾದವು, ರೆಕ್ಕೆ ಮಡಚಿಕೊಂಡು. ಅಂದರೆ ಎಲ್ಲ ಮುಗಿದಿತ್ತು. ಕೋಲ್ಮನ್ ಎದುರಿಗೆ ಕೂತಿದ್ದ, ಕೈ ತೊಡೆಯ ಮೇಲೆ. ಅವನ ಕೋಲು ಕೆಳಗೆ ಬಿದ್ದಿತ್ತು, ಒಣಗಿಯೇ ಇತ್ತು.

"ಮೀನು ಎದ್ವಾ?" ಎಂದೆ.

"ಎದ್ವು."

"ಎಷ್ಟು?"

"ಹನ್ನೊಂದು ಎಣಿಸಿದೆ. ಒಂದಂತೂ ನಿನ್ನ ಬೂಟಿನ ಹತ್ರಾನೇ ಎದ್ದು ಹೋಯ್ತು, ಐದು ಪೌಂಡಿಗೆ ಕಮ್ಮಿಯಿಲ್ಲ."

"ಒಂದಕ್ಕೂ ಬೀಸಲಿಲ್ವಾ ನೀನು?"

"ಬೀಸಿದ್ರೆ ದೋಣಿ ಅಲ್ಲಾಡ್ತಿತ್ತು."

ನನಗೆ ಎಂಥ ಸಿಟ್ಟು ಬಂತೆಂದರೆ! ವರ್ಷಕ್ಕೆ ಹತ್ತೋ ಹನ್ನೆರಡೋ ಸಂಜೆ ಬರುವ ಯೋಗ ಅದು. "ದಡ್ಡ, ಶತದಡ್ಡ, ಎಬ್ಬಿಸಬಾರದಾಗಿತ್ತಾ" ಎಂದು ಶುರುಮಾಡಿದವಳಿಗೆ ನಡುವೆ ನಗು ಬಂತು. ಪಕ್ಕೆಲುಬಿಲ್ಲದ ಕಡೆ ಚುಳ್ಳೆಂದಿತು, ಹಿಡಿದುಕೊಂಡು ನಕ್ಕೆ. ಅವನು ಗಾಬರಿಯಾಗಿ ಎದ್ದು ನಿಂತ, ದೋಣಿ ವಾಲಿತು, ಚಹಾದ ಫ್ಲಾಸ್ಕು ನೀರಿಗೆ ಬಿತ್ತು. ಅದು ತೇಲಿ ಹೋಗುವುದನ್ನು ನೋಡುತ್ತಾ ಇಬ್ಬರೂ ಕೂತೆವು. ಅವನಿಗೂ ನಗು ತಡೆಯಲಾಗಲಿಲ್ಲ. ಅವನು ಹಾಗೆ ನಕ್ಕದ್ದನ್ನು ನಾನು ಈವರೆಗೆ ಕೇಳಿರಲಿಲ್ಲ, ಹುಡುಗನ ನಗು.

ಅತ್ತೆಗೆ ಫ್ಲಾಸ್ಕಿನ ವಿಷಯ ಇನ್ನೂ ಹೇಳಿಲ್ಲ.

ಮಂಗಳವಾರ ನಿನ್ನ ಮೂರನೇ ಪರೀಕ್ಷೆಯ ಚೀಟಿ ಬರುತ್ತದಲ್ಲ. ಕಾಗದ ಬರೆಯುತ್ತಾ ಕೂರಬೇಡ, ತಂತಿ ಕೊಡು. ಪೋಸ್ಟ್ ಆಫೀಸಿನಾಕೆ ನನಗಿಂತ ಮುಂಚೆ ಓದಿ ಬೀದಿಗೆಲ್ಲ ಕೂಗಿ ಹೇಳಲಿ, ಅವಳಿಗೆ ಈಗಲೇ ಹೇಳಿಟ್ಟಿದ್ದೇನೆ.

ನಿನ್ನ
ಡೆಲಿಯಾ